ಕೇಳಿ, ಹೇಳ್ತೇನೆ: ಚಹಾ ಚರಟದ ಪಂಚಾಯ್ತಿ

ಹೋದ ಸಂಚಿಕೆಯಲ್ಲಿ ಕರಿಬೇವಿನ ಬಗ್ಗೆ ಬರೆಯುವಾಗ ‘ಚಹಾ ಚರಟ ಹಾಗೇ ಬುಡಕ್ಕೆ ಸುರಿಯಬೇಡಿ’ ಅಂತ ಒಂದೇ ಒಂದು ಸಾಲು ಸೇರಿಸಿದ್ದೆ. ಕರಿಬೇವನ್ನು ಎಲ್ಲರೂ ಮರೆತರು, ಚರಟ ಹಿಡಿದುಕೊಂಡು ಕೂತರು. ಬಂದ ಪತ್ರಗಳೆಲ್ಲ ಅದರ ಬಗ್ಗೆಯೇ. ನನಗೂ ಇದು ಪರಿಚಯದ ವಿಷಯ. ರಾಯಚೂರಿನ ತೀನ್ ಕಂದಿಲ್ ಹತ್ತಿರ 26 ವರ್ಷ ಚಹಾದ ಹೋಟೆಲ್ ನಡೆಸಿದವನು ನಾನು. ಬೆಳಿಗ್ಗೆ 1 ಕಿಲೋ ಪುಡಿ ಬಿಚ್ಚಿದರೆ ಸಂಜೆ ಹಿಂಡಿದ ಚರಟ 4 ಕಿಲೋ ತೂಗುತ್ತಿತ್ತು. ಈಗ ಹೋಟೆಲ್ ಇಲ್ಲ. ಮಾಳಿಗೆ ಮೇಲೆ 40 ಕುಂಡಗಳಿವೆ, ಗಿರಾಕಿಗಳಿಗಿಂತ ಜಾಸ್ತಿ ತಕರಾರು ಮಾಡುತ್ತವೆ.

ಕಾಕಾ, ನಮಸ್ಕಾರ. ದಿನಾ ಚಹಾ ಸೋಸಿದ ಚರಟವನ್ನು ಗುಲಾಬಿ ಕುಂಡಕ್ಕೆ ಹಾಕುತ್ತಿದ್ದೆ. ಈಗ ಮಣ್ಣಿನ ಮೇಲೆ ಬಿಳಿ ಬೂಷ್ಟು ಬಂದಿದೆ. ಸಣ್ಣ ಕರಿ ನೊಣಗಳು ಹಾರುತ್ತವೆ, ಇರುವೆ ಸಾಲು ಬೇರೆ. ಅತ್ತೆ ಬೈಯುತ್ತಿದ್ದಾರೆ. ಚರಟ ಗಿಡಕ್ಕೆ ಒಳ್ಳೇದು ಅಂತಾರಲ್ಲ?
– ಗೃಹಿಣಿ, ಮಾನ್ವಿ

ಒಳ್ಳೇದೇ ತಂಗಿ. ಆದರೆ ನೀನು ಗಿಡಕ್ಕೆ ಹಾಕುತ್ತಿರುವುದು ಬರೀ ಚರಟ ಅಲ್ಲ, ಹಾಲು, ಸಕ್ಕರೆ ಎಲ್ಲ ಸೇರಿದ ಅರ್ಧ ಕಪ್ ಚಹಾ. ಇರುವೆಗೆ ಸಕ್ಕರೆ ಬೇಕು, ಬೂಷ್ಟಿಗೆ ಹಾಲು ಬೇಕು, ನೊಣಕ್ಕೆ ಸದಾ ಹಸಿಯಾಗಿರುವ ಮಣ್ಣು ಬೇಕು. ಮೂವರನ್ನೂ ಊಟಕ್ಕೆ ಕರೆದಿದ್ದೀಯ, ಬಂದಿದ್ದಾರೆ.

ಒಮ್ಮೆ ಹೀಗೆ ಮಾಡಿ ನೋಡು. ಜರಡಿಯಲ್ಲಿ ಉಳಿದದ್ದನ್ನು ಸ್ಟೀಲ್ ಬಟ್ಟಲಿಗೆ ಹಾಕಿ, ಒಂದು ಲೋಟ ನೀರು ಹೊಯ್ದು ಕೈಯಾಡಿಸು. ನೀರು ಕೆಸರುಗಟ್ಟಿದ ಹಾಗೆ ಕಂದು-ಬಿಳಿ ಆಗುತ್ತದೆ. ಬೆಳಕಿಗೆ ಹಿಡಿದರೆ ಮೇಲೆ ಜಿಡ್ಡಿನ ಸಣ್ಣ ಸಣ್ಣ ಕಣ್ಣು ಕಾಣುತ್ತವೆ, ಬೆರಳು ಅಂಟಂಟು. ಅದನ್ನು ಬಸಿದು ಇನ್ನೊಂದು ಲೋಟ ಹಾಕು. ಈಗ ತೆಳು ಕಂದು. ಮೂರನೇ ನೀರಿಗೆ ಜಿಡ್ಡಿನ ಕಣ್ಣು ಇರುವುದಿಲ್ಲ, ಬೆರಳೂ ಅಂಟುವುದಿಲ್ಲ. ಅಲ್ಲಿಗೆ ಚರಟ ತೊಳೆದಾಯ್ತು. ಮೊದಲ ನೀರು ಚೆಲ್ಲು, ಉಳಿದ ಎರಡು ನೀರು ಗಿಡಕ್ಕೇ ಹಾಕು. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ ಹರಿದರೂ ಬೇಸಿಗೆಯಲ್ಲಿ ನಾವು ಕೊಡ ಎಣಿಸುವವರೇ ಅಲ್ವಾ, ಸುಮ್ನೆ ಯಾಕೆ ಚೆಲ್ಲಬೇಕು.

ಆಮೇಲೆ ಗಟ್ಟಿಯಾಗಿ ಹಿಂಡಿ ಮೊರದಲ್ಲಿ ತೆಳ್ಳಗೆ ಹರಡು. ನಮ್ಮ ಏಪ್ರಿಲ್ ಬಿಸಿಲಿಗೆ ಅರ್ಧ ದಿನ ಸಾಕು, ಉಪ್ಪಿಟ್ಟಿನ ರವೆ ಹಾಗೆ ಉದುರುದುರಾಗುತ್ತದೆ. ಡಬ್ಬಿಗೆ ತುಂಬಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಶುಂಠಿ ನಾರು, ಯಾಲಕ್ಕಿ ಸಿಪ್ಪೆ ಇದ್ದರೆ ಇರಲಿ ಬಿಡು.

12 ಇಂಚಿನ ಕುಂಡಕ್ಕೆ 15–20 ದಿನಕ್ಕೊಮ್ಮೆ ಒಂದು ಹಿಡಿ, ಅಷ್ಟೇ. ಮೇಲೆ ಹಾಸಬೇಡ. ನಾವು ಕುಡಿಯುವ ಗುಂಡು ಪುಡಿ ನೀರು ಬಿದ್ದಾಗ ಒತ್ತಿಕೊಂಡು ಹಪ್ಪಳದ ಹಾಗೆ ಗಟ್ಟಿಯಾಗುತ್ತದೆ. ನೀರು ಅದರ ಮೇಲಿಂದ ಜಾರಿ ಕುಂಡದ ಅಂಚಿನಲ್ಲಿ ಇಳಿದುಹೋಗುತ್ತದೆ, ಬೇರಿಗೆ ಸಿಗುವುದಿಲ್ಲ. ಮೇಲ್ಮಣ್ಣು ಕೆದಕಿ ಬೆರೆಸಿಬಿಡು. ಒಣ ಚರಟದಲ್ಲಿ ನೂರಕ್ಕೆ 3–4 ಭಾಗ ಸಾರಜನಕ ಇರುತ್ತದೆ. ಅದು ಎಲೆಗೆ ಒಳ್ಳೆಯದು, ಆದರೆ ನಿಧಾನಕ್ಕೆ ಸಿಗುತ್ತದೆ. ರಂಜಕ, ಪೊಟ್ಯಾಶ್ ಕಡಿಮೆ. ಹಾಗಾಗಿ ಚರಟ ಒಂದನ್ನೇ ನಂಬಿ ಹೂವಿಗೆ ಕಾಯಬೇಡ, ಹಟ್ಟಿ ಗೊಬ್ಬರ ಹಾಕುವುದನ್ನು ನಿಲ್ಲಿಸಬೇಡ.

ಈಗಿನ ಕುಂಡಕ್ಕೆ: ಮೇಲಿನ ಒಂದು ಇಂಚು ಮಣ್ಣು ಕೆರೆದು ತೆಗೆ. ಮೇಲ್ಮಣ್ಣು ಒಣಗುವವರೆಗೆ ನೀರು ಹಾಕಬೇಡ. ಆ ನೊಣದ ಮರಿ ಹಸಿ ಮಣ್ಣಿನಲ್ಲಿ ಮಾತ್ರ ಬದುಕುತ್ತದೆ. ಒಂದು ಹಿಡಿ ಬೇವಿನ ಹಿಂಡಿ ಬೆರೆಸು. ಅತ್ತೆಗೆ ಒಂದು ಒಳ್ಳೆ ಚಹಾ ಮಾಡಿಕೊಡು.

ನಮ್ಮದು ಎರೆಮಣ್ಣು. ಗುಲಾಬಿಯ ಚಿಗುರೆಲೆ ಹಳದಿ ಆಗುತ್ತಿದೆ, ನರ ಮಾತ್ರ ಹಸಿರು. ‘ಚಹಾ ಚರಟ ಹುಳಿ, ಮಣ್ಣು ಸರಿ ಮಾಡುತ್ತದೆ’ ಎಂದು ಪಕ್ಕದ ಮನೆಯವರು ಹೇಳಿದರು. ಎರಡು ತಿಂಗಳಿಂದ ಹಾಕುತ್ತಿದ್ದೇನೆ. ಏನೂ ಬದಲಾಗಿಲ್ಲ.
– ಶಿಕ್ಷಕರು, ಲಿಂಗಸುಗೂರು

ಆಗುವುದೂ ಇಲ್ಲ ಗುರುಗಳೇ. ಚರಟದ ಹುಳಿ ತೀರಾ ಸ್ವಲ್ಪ, ನಮ್ಮ ಎರೆಮಣ್ಣಿನ ಸುಣ್ಣ ಬಹಳ. ಹೊಲದಲ್ಲಿ ಬಿಳಿ ಸುಣ್ಣದ ಹರಳು ಸಿಗುತ್ತವಲ್ಲ, ಅದರ ಮೇಲೆ ನಿಂಬೆರಸ ಹಿಂಡಿ ನೋಡಿ, ಸಣ್ಣಗೆ ನೊರೆ ಏಳುತ್ತದೆ. ಅಷ್ಟು ಸುಣ್ಣದ ಮುಂದೆ ದಿನಕ್ಕೆ ಒಂದು ಹಿಡಿ ಚರಟ ಎಷ್ಟರದು?

ನಿಮ್ಮ ಗಿಡಕ್ಕೆ ಬೇಕಾಗಿರುವುದು ಕಬ್ಬಿಣ. ಮಣ್ಣಲ್ಲಿ ಕಬ್ಬಿಣ ಇದ್ದೇ ಇರುತ್ತದೆ, ಸುಣ್ಣ ಜಾಸ್ತಿಯಾದಲ್ಲಿ ಬೇರಿಗೆ ಸಿಗುವುದಿಲ್ಲ. ಹೊಸ ಎಲೆ ಹಳದಿ, ನರ ಹಸಿರು ಅಂದರೆ ಅದೇ ಗುರುತು. ಗೊಬ್ಬರದ ಅಂಗಡಿಯಲ್ಲಿ ಅನ್ನಭೇದಿ ಸಿಗುತ್ತದೆ, ಚೀಟಿಯಲ್ಲಿ ಫೆರಸ್ ಸಲ್ಫೇಟ್ ಅಂತ ಬರೆದಿರುತ್ತಾರೆ. ತಿಳಿ ಹಸಿರು ಹರಳು. 1 ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆ್ಯಸಿಡ್, ಅಡುಗೆ ಉಪ್ಪಲ್ಲ) ಕರಗಿಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿ. 10–15 ದಿನ ಬಿಟ್ಟು ಮತ್ತೊಮ್ಮೆ. ಕಲಸಿದ್ದನ್ನು ಅವತ್ತೇ ಮುಗಿಸಿ, ಇಟ್ಟರೆ ತುಕ್ಕಿನ ಬಣ್ಣಕ್ಕೆ ತಿರುಗಿ ಕೆಲಸಕ್ಕೆ ಬಾರದ ಹಾಗಾಗುತ್ತದೆ. ಬಿಳಿ ಅಂಗಿ ಹಾಕಿಕೊಂಡು ಮಾತ್ರ ಮಾಡಬೇಡಿ.

ಇಲ್ಲಿ ನನ್ನ ಒಂದು ದಡ್ಡತನ ಹೇಳಬೇಕು. ಚರಟದ ನೀರೂ ಒಳ್ಳೇದು, ಅನ್ನಭೇದಿಯೂ ಒಳ್ಳೇದು, ಎರಡನ್ನೂ ಸೇರಿಸಿದರೆ ಒಂದೇ ಖರ್ಚು ಅಂತ ಲೆಕ್ಕ ಹಾಕಿದೆ. ಚರಟ ಕುದಿಸಿದ ನೀರಿಗೆ ಒಂದು ಚಮಚ ಅನ್ನಭೇದಿ ಹಾಕಿದೆ. ಹರಳು ತಳಕ್ಕೆ ಇಳಿಯುವಾಗಲೇ ಅದರ ಹಿಂದೆ ಕರಿ ಹೊಗೆಯ ಹಾಗೆ ಎಳೆ ಎದ್ದಿತು. ಒಮ್ಮೆ ಕಲಕಿದೆ. ಬಕೆಟ್ ಪೂರ್ತಿ ಮಸಿ! ಆಲಂಕಾರಿಕವಾಗಿ ಹೇಳುತ್ತಿಲ್ಲ, ನಿಜವಾಗಿ ಮಸಿಯೇ. ಹಿಂದಿನವರು ಅಳಲೆಕಾಯಿ ಕುದಿಸಿ ಅನ್ನಭೇದಿ ಸೇರಿಸಿ ಬರೆಯುವ ಮಸಿ ಮಾಡುತ್ತಿದ್ದರು. ಅಳಲೆಕಾಯಿಯಲ್ಲಿರುವ ಒಗರು ಚಹಾದಲ್ಲೂ ಇದೆ, ಕಬ್ಬಿಣವನ್ನು ಸಿಕ್ಕಲ್ಲಿ ಹಿಡಿದುಕೊಂಡುಬಿಡುತ್ತದೆ. ಗಿಡಕ್ಕೆ ಸಿಗಬೇಕಾದ ಕಬ್ಬಿಣ ಬಕೆಟ್‌ನಲ್ಲೇ ಉಳಿಯಿತು. ಮಾಳಿಗೆಯ ಗಚ್ಚಿನ ಮೇಲೆ ಆ ಕಲೆ ಇವತ್ತಿಗೂ ಇದೆ, ಬಂದವರಿಗೆಲ್ಲ ನಮ್ಮ ಮನೆಯವಳು ತೋರಿಸುತ್ತಾಳೆ. ರಕ್ತ ಕಡಿಮೆ ಅಂತ ಡಾಕ್ಟರು ಅವಳಿಗೆ ಕಬ್ಬಿಣದ ಮಾತ್ರೆ ಕೊಟ್ಟಾಗ ‘ಚಹಾದ ಜೊತೆ ನುಂಗಬೇಡಿ’ ಅಂದದ್ದು ಯಾಕೆ ಅಂತ ಅವತ್ತು ನನಗೆ ತಿಳಿಯಿತು.

ರೂಮಿನ ಸಿಂಕ್ ಕಟ್ಟಿಕೊಂಡಿದೆ. ನಾವು ಮೂವರು ಹುಡುಗರು, ಚರಟ ಅದರಲ್ಲೇ ಚೆಲ್ಲುತ್ತಿದ್ದೆವು. ಆ್ಯಸಿಡ್ ಹಾಕಲಾ?
– ವಿದ್ಯಾರ್ಥಿ, ಸಿಂಧನೂರು

ಬೇಡ ತಮ್ಮಾ. ಚರಟ ಆ್ಯಸಿಡ್‌ಗೆ ಕರಗುವುದಿಲ್ಲ, ನಿಮ್ಮ ಕೈ ಸುಡುತ್ತದೆ. ಸಿಂಕಿನ ಕೆಳಗೆ ಪೈಪ್ ಬಾಗಿರುವ ಕಡೆ ಚರಟ, ಜಿಡ್ಡು ಸೇರಿ ಸಿಮೆಂಟಿನ ಹಾಗೆ ಕೂತಿರುತ್ತದೆ. ಕೆಳಗೆ ಬಕೆಟ್ ಇಟ್ಟು ಆ ಬಾಗಿನ ತಿರುಪು ಬಿಚ್ಚಿ, ತಂತಿಯಿಂದ ತೆಗೆದು ತೊಳೆದು ಹಾಕಿ. ಹತ್ತು ನಿಮಿಷದ ಕೆಲಸ. ಮೂವರಲ್ಲಿ ಯಾರು ಮಾಡಬೇಕು ಅಂತ ಜಗಳ ಆಡದಿದ್ದರೆ.

ಬೆಳಿಗ್ಗೆಯ ಚರಟಕ್ಕೆ ಮಧ್ಯಾಹ್ನ ಸ್ವಲ್ಪ ಹೊಸ ಪುಡಿ ಸೇರಿಸಿ ಮತ್ತೆ ಕುದಿಸುತ್ತೇನೆ. ಉಳಿತಾಯ ಆಗುತ್ತದೆ. ತಪ್ಪಾ ಕಾಕಾ?
– ದೇವದುರ್ಗದಿಂದ ಒಬ್ಬ ತಾಯಿ

ತಪ್ಪು ಅಂತ ಹೇಳುವ ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಸಂತೆ ದಿನ ಗಿರಾಕಿ ನೂಕುನುಗ್ಗಲು ಇದ್ದಾಗ ನಾವೂ ಸೋಸುವ ಬಟ್ಟೆಯಲ್ಲಿದ್ದ ಹಳೇ ಪುಡಿಯ ಮೇಲೇ ಹೊಸ ಪುಡಿ ಹಾಕಿ ಬಿಸಿನೀರು ಹೊಯ್ದದ್ದುಂಟು. ಅದು ಹತ್ತು ನಿಮಿಷದ ಹಳೇದು. ಆದರೂ ದಿನಾ ಬರುವ ಗಿರಾಕಿ ಒಂದು ಗುಟುಕಿಗೇ ಹಿಡಿಯುತ್ತಿದ್ದ. ಬಣ್ಣ ಇದೆ, ಒಗರು ಇದೆ, ವಾಸನೆ ಎಲ್ಲಿ ಮಾಲಕ್ರೇ ಅಂತಿದ್ದ. ಘಮ ಮೊದಲ ಕುದಿಯಲ್ಲೇ ಹೋಗಿಬಿಡುತ್ತದೆ, ಮತ್ತೆ ಕುದಿಸಿದರೆ ಬರುವುದು ಒಗರು.

ನಿಮ್ಮದು ಐದಾರು ಗಂಟೆಯ ಹಳೇದು, ಅದೂ ಹಾಲು ಬೆರೆತದ್ದು. 40 ಡಿಗ್ರಿ ಬಿಸಿಲಿನಲ್ಲಿ ಹಾಲು ಅಷ್ಟು ಹೊತ್ತು ಹೊರಗಿಡುತ್ತೀರಾ? ಚರಟದಲ್ಲಿರುವುದೂ ಅದೇ ಹಾಲು. ಬಿಡಿಯಮ್ಮ. ಉಳಿಸಬೇಕಾದರೆ ಮೊದಲ ಸಲವೇ ಪುಡಿಯನ್ನು ಬರೀ ನೀರಲ್ಲಿ ಚೆನ್ನಾಗಿ ಕುದಿಸಿ, ಹಾಲು ಆಮೇಲೆ ಹಾಕಿ. ಅದೇ ಪುಡಿಯಲ್ಲಿ ಜಾಸ್ತಿ ರಸ ಇಳಿಯುತ್ತದೆ, ಅರ್ಧ ಚಮಚ ಉಳಿಯುತ್ತದೆ.

ನನ್ನದು ಸಣ್ಣ ಚಹಾದಂಗಡಿ. ಒಬ್ಬ ಬಂದು ‘ಚರಟ ಒಣಗಿಸಿ ಇಡಿ, ಕಿಲೋ ಲೆಕ್ಕದಲ್ಲಿ ರೊಕ್ಕ ಕೊಡ್ತೀನಿ, ಗೊಬ್ಬರಕ್ಕೆ ಬೇಕು’ ಎನ್ನುತ್ತಿದ್ದಾನೆ. ಕೊಡಬಹುದಾ?
– ಓದುಗ, ರಾಯಚೂರು

ನನ್ನ ಬಳಿಯೂ ಬಂದಿದ್ದ, ಇವನೋ ಇವನ ಅಣ್ಣನೋ. ನಾನು ಕೇಳಿದ್ದು ಒಂದೇ ಪ್ರಶ್ನೆ: ‘ಗೊಬ್ಬರಕ್ಕೆ ಆದರೆ ಹಸಿದೇ ಒಯ್ಯಿ, ಪುಕ್ಕಟೆ ಕೊಡ್ತೀನಿ. ಒಣಗಿಸಿದ್ದೇ ಯಾಕೆ ಬೇಕು?’ ಉತ್ತರ ಬರಲಿಲ್ಲ. ಬೀಡಿ ಹಚ್ಚಿಕೊಂಡು ಹೋದವನು ಮತ್ತೆ ಬರಲಿಲ್ಲ.

ಒಣಗಿದ ಚರಟಕ್ಕೆ ಬಣ್ಣ ಹಾಕಿ ಹೊಸ ಪುಡಿಯ ಜೊತೆ ಬೆರೆಸಿ ಮಾರುವುದು ಹಳೇ ದಂಧೆ. ಎಲ್ಲರೂ ಅದಕ್ಕೇ ಕೇಳುತ್ತಾರೆ ಅಂತ ನಾನು ಹೇಳಲಾರೆ, ಆದರೆ ಒಣಗಿಸಿದ್ದಕ್ಕೆ ರೊಕ್ಕ ಕೊಡುವವನನ್ನು ನಾನು ನಂಬುವುದಿಲ್ಲ. ನಾನು ಆಮೇಲೆ ಒಂದು ರೂಢಿ ಇಟ್ಟುಕೊಂಡೆ: ಚರಟದ ಬುಟ್ಟಿಗೆ ದಿನಾ ಸಂಜೆ ಎರಡು ಬೊಗಸೆ ಮಣ್ಣು ಹಾಕಿ ಕಲಸಿಬಿಡುತ್ತಿದ್ದೆ. ಗಿಡಕ್ಕೆ ಏನೂ ತೊಂದರೆ ಇಲ್ಲ, ಕಪ್ಪಿಗೆ ಮಾತ್ರ ವಾಪಸ್ ಹೋಗುವುದಿಲ್ಲ. ನೀವೂ ಹಾಗೇ ಮಾಡಿ.

ಮನೆಗೆ ಬಿಡಿ ಪುಡಿ ಕೊಳ್ಳುವವರೂ ನೋಡಿಕೊಳ್ಳಿ. ಬಿಳಿ ಫಿಲ್ಟರ್ ಪೇಪರ್ ಮೇಲೆ ಒಂದು ಚಿಟಿಕೆ ಪುಡಿ ಹರಡಿ ತಣ್ಣೀರು ಚಿಮುಕಿಸಿ. ಆಮೇಲೆ ಪುಡಿ ತೊಳೆದು ಹೋಗುವ ಹಾಗೆ ಪೇಪರನ್ನು ನಲ್ಲಿ ಕೆಳಗೆ ಹಿಡಿದು, ಬೆಳಕಿಗೆ ನೋಡಿ. ಒಳ್ಳೆಯ ಪುಡಿ ಕಲೆ ಬಿಡುವುದಿಲ್ಲ. ಬಣ್ಣ ಹಾಕಿದ್ದು ಕಲೆ ಬಿಡುತ್ತದೆ. ಪುಡಿಯಲ್ಲಿ ಒಂದು ಅಯಸ್ಕಾಂತವನ್ನೂ ಆಡಿಸಿ, ಕಬ್ಬಿಣದ ಚೂರು ಬೆರೆಸಿದ್ದರೆ ಅಂಟಿಕೊಂಡು ಬರುತ್ತದೆ.

ಮಗಳು ಬೆಂಗಳೂರಿನಿಂದ ಗ್ರೀನ್ ಟೀ ಬ್ಯಾಗ್ ತಂದಿದ್ದಾಳೆ. ಕುಡಿದ ಮೇಲೆ ಹಾಗೇ ಕುಂಡದಲ್ಲಿ ಹೂಳಬಹುದಾ?
– ನಿವೃತ್ತ ನೌಕರರು, ಮಸ್ಕಿ

ನಾನೂ ಹೂಳಿದ್ದೆ. ಆರು ತಿಂಗಳು ಬಿಟ್ಟು ಬದನೆ ಗಿಡ ಕಿತ್ತಾಗ ಚೀಲ ಹಾಗೇ ಸಿಕ್ಕಿತು, ದಾರದ ಸಮೇತ. ಒಳಗಿನ ಸೊಪ್ಪು ಮಣ್ಣಾಗಿತ್ತು, ಚೀಲ ಮಾತ್ರ ತೊಳೆದಿಟ್ಟ ಹಾಗೆ. ಮಿರಿಮಿರಿ ಹೊಳೆಯುವ ಬಲೆಯಂಥ ಚೀಲಗಳಲ್ಲಿ ಹಲವು ನೈಲಾನ್ ಅಥವಾ ಪ್ಲಾಸ್ಟಿಕ್ ಬಟ್ಟೆಯವು. ಕಾಗದದ ಹಾಗೆ ಕಾಣುವ ಎಷ್ಟೋ ಚೀಲಗಳಲ್ಲೂ ಅಂಚು ಅಂಟಲು ಪ್ಲಾಸ್ಟಿಕ್ ಎಳೆ ಸೇರಿಸಿರುತ್ತಾರೆ. 2019ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದವರು ಪ್ಲಾಸ್ಟಿಕ್ ಚೀಲವನ್ನು 95 ಡಿಗ್ರಿ ನೀರಲ್ಲಿ ಅದ್ದಿ ನೋಡಿದರು. ಒಂದು ಚೀಲದಿಂದ ಕಪ್ಪಿಗೆ 1,100 ಕೋಟಿಗೂ ಹೆಚ್ಚು ಸೂಕ್ಷ್ಮ ಪ್ಲಾಸ್ಟಿಕ್ ಕಣ ಇಳಿದಿದ್ದವು. ಗಿಡ ಆಮೇಲೆ, ಮೊದಲು ನಿಮ್ಮ ಹೊಟ್ಟೆ ನೋಡಿಕೊಳ್ಳಿ. ಮಗಳಿಗೆ ಮುಂದಿನ ಸಲ ಬಿಡಿ ಸೊಪ್ಪು ತರಲು ಹೇಳಿ.

ಈಗ ಇರುವುದನ್ನು ಕತ್ತರಿಯಿಂದ ಹರಿದು ಸೊಪ್ಪು ಮಾತ್ರ ಕುಂಡಕ್ಕೆ ಹಾಕಿ. ಹಾಲು ಸಕ್ಕರೆ ಇಲ್ಲದ್ದರಿಂದ ತೊಳೆಯುವ ಕೆಲಸವೂ ಇಲ್ಲ. ಚೀಲ, ದಾರ, ಪಿನ್ ಇದ್ದರೆ ಪಿನ್, ಒಣ ಕಸಕ್ಕೆ.

ನಮ್ಮದು ಬಾಡಿಗೆ ಮನೆ, ಒಂದೂ ಗಿಡ ಇಲ್ಲ. ಚರಟದಿಂದ ಬೇರೆ ಏನಾದರೂ ಉಪಯೋಗ ಇದೆಯಾ? ಕಣ್ಣಿನ ಮೇಲೆ ಇಟ್ಟರೆ ತಂಪು, ಸುಟ್ಟ ಗಾಯಕ್ಕೂ ಒಳ್ಳೇದು ಅಂತಾರೆ, ಹೌದಾ? ಮೆಹಂದಿಗೂ ಹಾಕಬಹುದಾ?
– ಗೃಹಿಣಿ, ರಾಯಚೂರು

ಕಣ್ಣಿಗೆ ಬೇಡ, ಸುಟ್ಟ ಗಾಯಕ್ಕಂತೂ ಬೇಡವೇ ಬೇಡ. ಸುಟ್ಟರೆ 20 ನಿಮಿಷ ಹರಿಯುವ ತಣ್ಣೀರು, ಆಮೇಲೆ ದವಾಖಾನೆ.

ತೊಳೆದು ಒಣಗಿಸಿದ ಚರಟವನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಫ್ರಿಜ್‌ನಲ್ಲಿಡಿ, ಈರುಳ್ಳಿ ವಾಸನೆ ಸ್ವಲ್ಪ ಕಡಿಮೆಯಾಗುತ್ತದೆ. ಪೂರ್ತಿ ಹೋಗುತ್ತದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಹಾಲು ತಳ ಹಿಡಿದ ಪಾತ್ರೆಗೆ ಹಸಿ ಚರಟ ಹಾಕಿ ಉಜ್ಜಿದರೆ ಜಿಡ್ಡು ಬೇಗ ಬಿಡುತ್ತದೆ. ಉಜ್ಜಿದ ಮೇಲೆ ಸಿಂಕಿಗೆ ಚೆಲ್ಲಬೇಡಿ, ಸಿಂಧನೂರಿನ ಹುಡುಗರ ಕಥೆ ಮೇಲೇ ಇದೆ. ಉಳಿದದ್ದನ್ನು ನೀರು ಬಸಿದು ಹಳೇ ಪೇಪರಿನಲ್ಲಿ ಸುತ್ತಿ ಹಸಿರು ಡಬ್ಬಿಗೆ, ಅಂದರೆ ಹಸಿ ಕಸಕ್ಕೆ ಹಾಕಿ. ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಕೊಟ್ಟರೆ ಅದು ಗೊಬ್ಬರ ಆಗುವುದೇ ಇಲ್ಲ.

ಮೆಹಂದಿ ಕಲಸಲು ಚರಟದ ನೀರು ಸಾಲದು, ರಸ ಆಗಲೇ ಇಳಿದುಹೋಗಿರುತ್ತದೆ. ಅದಕ್ಕೆ ಹೊಸ ಪುಡಿಯ ಖಡಕ್ ಡಿಕಾಕ್ಷನ್ನೇ ಬೇಕು. ಕಳೆದ ಹಬ್ಬಕ್ಕೆ ಮೊಮ್ಮಗಳು ನನ್ನ ಮಾತು ಕೇಳಿ ಚರಟದ ನೀರಲ್ಲಿ ಕಲಸಿದ್ದಳು. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.