ಮಗನನ್ನ ಕರ್ಕೊಂಡು ಹೋಗ್ಬಿಡ್ತಾರಾ ಮೇಡಂ?

ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಮಕ್ಕಳ ಸಹಾಯವಾಣಿ 1098 ಅಂದರೆ ಸಾಕು, ಎಷ್ಟೋ ತಾಯಂದಿರ ಮುಖ ಸಪ್ಪಗಾಗುತ್ತದೆ. ಆ ನಂಬರಿಗೆ ಫೋನ್ ಮಾಡಿದರೆ ಜೀಪ್ ಬರುತ್ತದೆ, ಮಗುವನ್ನು ಹತ್ತಿಸಿಕೊಂಡು ಹೋಗಿ ಬಾಲಮಂದಿರಕ್ಕೆ ಬಿಡುತ್ತಾರೆ ಅನ್ನೋದು ಅವರ ನಂಬಿಕೆ. ಆಪ್ತಸಲಹೆಗಾರ್ತಿಯಾದ ನನ್ನ ಹತ್ತಿರ ಬಂದ ಒಂದು ಕುಟುಂಬ ಈ ಭಯದಿಂದಲೇ ವರ್ಷದ ಮೇಲೆ ಯಾವ ಕಚೇರಿಯ ಮೆಟ್ಟಿಲೂ ಹತ್ತಿರಲಿಲ್ಲ. ಅವರ ಒಪ್ಪಿಗೆ ಪಡೆದು ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಹುಡುಗನನ್ನು ಕಿರಣ ಅಂತ ಕರೆಯೋಣ. ಬಂದಾಗ ಅವನಿಗೆ 13 ವರ್ಷ, ಎಂಟನೇ ಕ್ಲಾಸು. ಒಬ್ಬಳು ತಂಗಿ ಇದ್ದಾಳೆ.

ಕಳಿಸಿದ್ದು ಶಾಲೆಯ ಮುಖ್ಯ ಶಿಕ್ಷಕರು. ಹುಡುಗ ಕ್ಲಾಸಲ್ಲಿ ನಿದ್ದೆ ಮಾಡ್ತಾನೆ, ವಾರದಲ್ಲಿ ಎರಡು ಮೂರು ದಿನ ಬರೋದೇ ಇಲ್ಲ, ಕೇಳಿದರೆ ಸಿಡುಕ್ತಾನೆ ಅನ್ನೋದು ಅವರ ದೂರು. ತಾಯಿಯ ದೂರು ಬೇರೆ. "ತಂಗೀನ ಹೊಡೀತಾನೆ ಮೇಡಂ. ಮೊದಲು ಹಿಂಗಿರ್ಲಿಲ್ಲ. ನೀವೇ ಒಂದಿಷ್ಟು ಬುದ್ಧಿ ಹೇಳಿ."

ಬುದ್ಧಿ ಹೇಳೋ ಮೊದಲು ಅವನ ಕೈ ನೋಡಿದೆ. ಹೆಬ್ಬೆರಳು, ತೋರುಬೆರಳಿನ ಗೆರೆಗಳಲ್ಲೆಲ್ಲ ಹಸಿರು ಮಿಶ್ರಿತ ಕಪ್ಪು ಕಲೆ ಕೂತಿತ್ತು. ನಮ್ಮ ಕಡೆ ಟೊಮೆಟೊ ತೋಟಕ್ಕೆ ಹೋಗುವವರಿಗೆಲ್ಲ ಈ ಕಲೆ ಗೊತ್ತು. ಸೋಪಿಗೆ ಜಗ್ಗಲ್ಲ, ಟೊಮೆಟೊ ಕಾಯನ್ನೇ ಹಿಚುಕಿ ಉಜ್ಜಬೇಕು. ತಾಯಿಯನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ಹೇಳಿ, "ಎಷ್ಟು ಗಂಟೆಗೆ ಏಳ್ತೀಯಪ್ಪಾ?" ಅಂತ ಕೇಳಿದೆ.

"ನಾಲ್ಕಕ್ಕೆ. ಮಂಡಿಗೆ ಗಾಡಿ ಹೋಗೋದ್ರೊಳಗೆ ಬಾಕ್ಸ್ ತುಂಬ್ಬೇಕಲ್ಲ."

ಒಂದೊಂದು ಬಾಕ್ಸು 15 ಕೆಜಿ. ಕೀಳೋದು, ತುಂಬೋದು, ಸಾಲಿನ ಕೊನೆಗೆ ಹೊತ್ತು ತರೋದು. ಆಮೇಲೆ ಶಾಲೆ. ಇಂಥ ಹುಡುಗ ಕ್ಲಾಸಲ್ಲಿ ನಿದ್ದೆ ಮಾಡದೆ ಇನ್ನೇನು ಮಾಡಬೇಕು?

ಅವನ ಅಪ್ಪ ರಸ್ತೆ ಅಪಘಾತದಲ್ಲಿ ತೀರಿಕೊಂಡಿದ್ದರು. ಹನ್ನೊಂದನೇ ದಿನದ ಕಾರ್ಯಕ್ಕೆ ಬಂದ ನೆಂಟರೆಲ್ಲ ಹೋಗುವಾಗ ಅವನ ತಲೆ ಸವರಿ ಹೇಳಿದ್ದು ಒಂದೇ ಮಾತು: ಇನ್ಮೇಲೆ ಈ ಮನೆಗೆ ನೀನೇ ಗಂಡಸು. ಹೇಳಿದವರ ಮನಸ್ಸಲ್ಲಿ ಪ್ರೀತಿಯೇ ಇತ್ತು, ಅನುಮಾನವಿಲ್ಲ. ಆದರೆ ಹುಡುಗ ಆ ಮಾತನ್ನು ಅಕ್ಷರಶಃ ನಂಬಿಬಿಟ್ಟ. ಅಪ್ಪನಿಗಾಗಿ ಅಳೋದಕ್ಕೂ ಅವನಿಗೆ ಪುರುಸೊತ್ತು ಸಿಗಲಿಲ್ಲ. ಬುಧವಾರ ಬಂದರೆ ಸಂಘದ ಸಾಲದ ಕಂತು ವಸೂಲಿಗೆ ಬರೋರು ಬೆಳಿಗ್ಗೆಯೇ ಜಗಲಿ ಮೇಲೆ ಕೂರುತ್ತಿದ್ದರು. ಅಮ್ಮ ಅಡುಗೆಮನೆಯಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ಅಳೋದನ್ನ ಅವನು ನೋಡಿದ್ದ. ಆ ವಾರದಿಂದಲೇ ಅವನು ತೋಟಕ್ಕೆ ಹೊರಟಿದ್ದು. ಯಾರೂ ಕಳಿಸಿರಲಿಲ್ಲ.

ಇಂಥ ಮಕ್ಕಳ ಹತ್ತಿರ ಒಂದು ಪ್ರಶ್ನೆಯನ್ನು ನೇರವಾಗಿ ಕೇಳಲೇಬೇಕು. ಸಾಯೋ ಯೋಚನೆ ಬರುತ್ತಾ? ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ಹಾಕಿದಂತೆ ಆಗುತ್ತದೆ ಅನ್ನೋದು ತಪ್ಪು ತಿಳಿವಳಿಕೆ. ಕೇಳಿದಾಗ ಮಗುವಿಗೆ ಹಗುರ ಆಗೋದೇ ಜಾಸ್ತಿ. ಅವರ ಮನೆಮಾತು ತೆಲುಗು. ಅಲ್ಲಿಯವರೆಗೆ ಕನ್ನಡದಲ್ಲಿ ಮಾತಾಡುತ್ತಿದ್ದ ಹುಡುಗ ತಲೆ ತಗ್ಗಿಸಿ ತೆಲುಗಿಗೆ ತಿರುಗಿದ. ಅಪ್ಪ ಇರೋ ಕಡೆ ಹೋಗಿಬಿಡೋಣ ಅಂತ ಒಂದೊಂದು ಸಲ ಅನ್ನಿಸುತ್ತೆ ಅಂದ.

ನಮ್ಮಿಬ್ಬರ ಮಾತು ನನ್ನಲ್ಲೇ ಇರುತ್ತದೆ, ಆದರೆ ಇದೊಂದನ್ನು ಅಮ್ಮನಿಗೆ ಹೇಳಲೇಬೇಕು ಅಂತ ಅವನಿಗೆ ತಿಳಿಸಿ, ಅವನ ಎದುರಿಗೇ ತಾಯಿಗೆ ಹೇಳಿದೆ. ಅಂದೇ ಕೊಟ್ಟ ಸಲಹೆ ಇದು. ಗಿಡಕ್ಕೆ ಹೊಡೆಯುವ ಔಷಧಿ ಯಾವುದೂ ಮನೆಯೊಳಗೆ ಇರಬಾರದು. ಉಳಿದದ್ದನ್ನು ಇವತ್ತೇ ತೋಟದ ಮಾಲೀಕರ ಶೆಡ್ಡಿಗೆ ಕೊಟ್ಟು ಬೀಗ ಹಾಕಿಸಿ. ರಾತ್ರಿ ಹುಡುಗನನ್ನು ಒಬ್ಬನೇ ಮಲಗಲು ಬಿಡಬೇಡಿ. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಕರೆತನ್ನಿ. 'ಮನೋಚೈತನ್ಯ' ಕಾರ್ಯಕ್ರಮದಲ್ಲಿ ಮನೋವೈದ್ಯರು ಅಲ್ಲಿಗೆ ಬರುತ್ತಾರೆ, ಖರ್ಚಿಲ್ಲ. ನಡುರಾತ್ರಿ ದಿಕ್ಕು ತೋಚದಿದ್ದರೆ ಟೆಲಿ ಮಾನಸ್, 14416. 2022ರಲ್ಲಿ ಶುರುವಾದ ಈ ಸಹಾಯವಾಣಿ ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ವೈದ್ಯರು ನೋಡಿ, ಸದ್ಯಕ್ಕೆ ಮಾತ್ರೆ ಬೇಡ, ನಿದ್ದೆ ಮತ್ತು ಮಾತುಕತೆ ಸಾಕು ಅಂದರು. ಆದರೆ ನಾಲ್ಕು ಗಂಟೆಗೆ ಏಳುವವನಿಗೆ ನಿದ್ದೆ ಎಲ್ಲಿಂದ ತರೋದು? ಮನೆಯ ಭಾರ ಇಳಿಯದೆ ಬರೀ ನನ್ನ ಮಾತಿನಿಂದ ಆ ಹುಡುಗ ಸುಧಾರಿಸುವುದು ಸಾಧ್ಯವಿರಲಿಲ್ಲ. ಅದಕ್ಕೇ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗೋಣ ಅಂದೆ. ತಾಯಿ ಎದ್ದು ನಿಂತೇಬಿಟ್ಟರು. "ಬೇಡ ಮೇಡಂ. ಮಗನನ್ನ ಕರ್ಕೊಂಡು ಹೋಗ್ಬಿಡ್ತಾರೆ. ನನ್ನ ಮೇಲೂ ಕೇಸ್ ಹಾಕ್ತಾರೆ."

ನಾನು ಅವರಿಗೆ ಬಿಡಿಸಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. 14 ವರ್ಷದೊಳಗಿನ ಮಗುವನ್ನು ಕೂಲಿಗೆ ಇಟ್ಟುಕೊಳ್ಳುವುದು ಅಪರಾಧ, ನಿಜ. ಆದರೆ ಕಾನೂನು ಮುಖ್ಯವಾಗಿ ಹಿಡಿಯುವುದು ಕೆಲಸಕ್ಕೆ ಇಟ್ಟುಕೊಂಡವರನ್ನು. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯಲ್ಲಿ ತಂದೆತಾಯಿಗೆ ಮೊದಲ ಸಲಕ್ಕೆ ಶಿಕ್ಷೆ ಇಲ್ಲ ಅಂತಲೇ ಇದೆ. ಶಾಲೆ ಮುಗಿಸಿ ಬಂದು ಮನೆಯವರಿಗೆ ಅಪಾಯವಿಲ್ಲದ ಸಣ್ಣ ಕೆಲಸದಲ್ಲಿ ಕೈಜೋಡಿಸುವುದು ತಪ್ಪಲ್ಲ. ಇನ್ನು ಮಗು ಎಲ್ಲಿರಬೇಕು ಅಂತ ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿ. ಬಾಲನ್ಯಾಯ ಕಾಯ್ದೆ 2015ರ ಪ್ರಕಾರ ಅದರಲ್ಲಿ ಒಬ್ಬರು ಅಧ್ಯಕ್ಷರು, ನಾಲ್ವರು ಸದಸ್ಯರು ಇರುತ್ತಾರೆ. ಮಗು ತಾನೇ ಹೋಗಿ ಅವರ ಮುಂದೆ ನಿಲ್ಲಬಹುದು. ಅದೇ ಕಾಯ್ದೆ, ಮಗುವನ್ನು ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ದಾರಿ, ಬೇರೆ ಎಲ್ಲ ದಾರಿ ನೋಡಿದ ಮೇಲೆ ಮಾತ್ರ ಅನ್ನುತ್ತದೆ. ಮೊದಲ ಜವಾಬ್ದಾರಿ ಕುಟುಂಬದ್ದು, ಕುಟುಂಬಕ್ಕೆ ಆಗದಿದ್ದರೆ ಆಗುವಂತೆ ಮಾಡಬೇಕಾದ್ದು ಸರ್ಕಾರದ ಕೆಲಸ. ಮಗು ಅಮ್ಮನ ಜೊತೆಯಲ್ಲೇ ಉಳಿಯಲಿ ಅಂತಲೇ 'ಪ್ರಾಯೋಜಕತ್ವ' ಯೋಜನೆ ಇರುವುದು. ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಅಡಿಯಲ್ಲಿ ಅರ್ಹ ಮಗುವಿಗೆ ತಿಂಗಳಿಗೆ 4000 ರೂಪಾಯಿ. ಗಂಡ ತೀರಿಕೊಂಡ, ಗಂಡ ಬಿಟ್ಟುಹೋದ ತಾಯಂದಿರ ಮಕ್ಕಳು, ತಂದೆತಾಯಿ ಇಬ್ಬರೂ ಇಲ್ಲದೆ ಅಜ್ಜಿ, ಮಾವನ ಮನೆಯಲ್ಲಿ ಬೆಳೆಯುತ್ತಿರುವ ಮಕ್ಕಳು ಅರ್ಜಿ ಹಾಕಬಹುದು. ಹಳ್ಳಿಯಲ್ಲಿ ಕುಟುಂಬದ ವರ್ಷದ ಆದಾಯ 72,000 ರೂಪಾಯಿ ಮೀರಬಾರದು. ಮಗು ಶಾಲೆಗೆ ಹೋಗುತ್ತಿರಬೇಕು.

ಇಷ್ಟು ಹೇಳಿದ ಮೇಲೂ ಆ ತಾಯಿ ಒಬ್ಬರೇ ಹೋಗುತ್ತಿರಲಿಲ್ಲ. ಮುಖ್ಯ ಶಿಕ್ಷಕರೂ ನಾನೂ ಜೊತೆಗೆ ಹೋದೆವು. ಸಹಾಯವಾಣಿ ನಂಬರು ಬರೆದ ಚೀಟಿ ಕೊಟ್ಟು ಕಳಿಸಿದರೆ ಕೆಲಸ ಆಯಿತು ಅಂದುಕೊಳ್ಳುವ ಎಲ್ಲರಿಗೂ, ಶಿಕ್ಷಕರಿಗೆ, ಆಶಾ ಕಾರ್ಯಕರ್ತೆಯರಿಗೆ, ನನ್ನಂಥ ಆಪ್ತಸಲಹೆಗಾರರಿಗೆ, ನನ್ನದೊಂದು ಕೋರಿಕೆ. ಮೊದಲ ಸಲವಾದರೂ ಜೊತೆಗೆ ಹೋಗಿ. ಹೆದರಿದ ಮನುಷ್ಯರು ಬಾಗಿಲಿಂದಲೇ ವಾಪಸ್ ಬರುತ್ತಾರೆ.

ಸಮಿತಿಯವರು ಕಿರಣನನ್ನೇ ಕೇಳಿದರು, ಎಲ್ಲಿರ್ತೀಯಾ ಅಂತ. "ಅಮ್ಮನ ಹತ್ರ" ಅಂದ. ತಾಯಿಯ ಜೊತೆಗೇ ಇರಲಿ, ತೋಟದ ಕೆಲಸ ನಿಲ್ಲಲಿ, ಸಮಾಜ ಕಾರ್ಯಕರ್ತರು ಮನೆಗೆ ಹೋಗಿ ನೋಡಿ ಬರಲಿ, ಶಾಲೆಯಿಂದ ಹಾಜರಿ ವರದಿ ಬರಲಿ ಅಂತ ಆದೇಶ ಆಯಿತು. ತೋಟದ ಮಾಲೀಕರಿಗೂ ಎಚ್ಚರಿಕೆ ಹೋಯಿತು. ಅವರಿಗೆ ಸಿಟ್ಟು ಬಂದು ತಾಯಿಯನ್ನೂ ಕೂಲಿಗೆ ಕರೆಯುವುದು ಬಿಟ್ಟರು. ಆ ಕೆಲವು ವಾರ ನಿಜಕ್ಕೂ ಕಷ್ಟದ್ದು. ಬೇರೆ ತೋಟ ಸಿಗುವವರೆಗೆ ತಾಯಿಯ ತಂಗಿಯ ಮನೆಯಿಂದ ಅಕ್ಕಿ ಬಂತು.

ಅರ್ಜಿಯ ಕಾಗದಗಳದ್ದೇ ಇನ್ನೊಂದು ಪಾಡು. ಗಂಡನ ಮರಣ ಪತ್ರದಲ್ಲಿ ಹೆಸರಿನ ಕೊನೆಗೆ 'ಅಪ್ಪ' ಇದೆ, ರೇಷನ್ ಕಾರ್ಡಲ್ಲಿ ಇಲ್ಲ. ಇಷ್ಟಕ್ಕೇ ಅರ್ಜಿ ನಿಂತಿತು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಕೀಲರು ಅಫಿಡವಿಟ್ ಮಾಡಿಸಿಕೊಟ್ಟರು. ಹೆಂಗಸರಿಗೆ, ಮಕ್ಕಳಿಗೆ ಅಲ್ಲಿ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಫೋನ್ ಮಾಡುವುದಾದರೆ 15100. ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಹೋದಾಗಲೇ ವಿಧವಾ ವೇತನದ ಅರ್ಜಿಯನ್ನೂ ಹಾಕಿಸಿದೆವು. ಅದನ್ನು ಕೇಳಬಹುದು ಅಂತಲೇ ಅವರಿಗೆ ಗೊತ್ತಿರಲಿಲ್ಲ.

ಸಾಲದ ಪುಸ್ತಕಗಳನ್ನು ಆ ವಕೀಲರ ಮುಂದೆಯೇ ಹರಡಿದೆವು. ಎರಡು ಸಾಲ. ಒಂದರಲ್ಲಿ ವಿಮೆ ಹಿಡಿದುಕೊಂಡಿದ್ದರು, ಗಂಡನ ಹೆಸರೂ ಅದರಲ್ಲಿತ್ತು. ಗಂಡ ತೀರಿಕೊಂಡ ಮೇಲೆ ಮರಣ ಪತ್ರ ಕೊಟ್ಟಿದ್ದರೆ ಆ ಸಾಲ ಅಲ್ಲಿಗೇ ತೀರುತ್ತಿತ್ತು. ಯಾರೂ ಹೇಳಿರಲಿಲ್ಲ, ಇವರು ಅಷ್ಟೂ ತಿಂಗಳು ಕಂತು ಕಟ್ಟಿದ್ದರು. ಗುಂಪು ಸಾಲ ಇರುವ ಮನೆಯಲ್ಲಿ ಸಾವಾದರೆ ದಯವಿಟ್ಟು ಮೊದಲು ವಿಮೆ ಇದೆಯಾ ಅಂತ ಕೇಳಿ. ಇನ್ನೊಂದು ಸಾಲಕ್ಕೆ ಕಂತು ಕಟ್ಟಲೇಬೇಕು. ಆದರೆ ಇಂಥ ಮೈಕ್ರೋಫೈನಾನ್ಸ್ ಸಾಲಕ್ಕೆ 2022ರಲ್ಲಿ ರಿಸರ್ವ್ ಬ್ಯಾಂಕ್ ಮಾಡಿರುವ ನಿಯಮದಂತೆ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ವಸೂಲಿಗೆ ಕಾಡುವಂತಿಲ್ಲ, ಬೆದರಿಸುವಂತಿಲ್ಲ. ಗೊತ್ತು ಮಾಡಿದ ಜಾಗದಲ್ಲೇ ಕಂತು ಪಡೆಯಬೇಕು, ಒಂದರ ಹಿಂದೊಂದರಂತೆ ಎರಡು ಸಲವಾದರೂ ಅಲ್ಲಿಗೆ ಬಾರದಿದ್ದರೆ ಮಾತ್ರ ಮನೆಗೆ ಬರಬಹುದು. ವಕೀಲರು ಇದನ್ನು ಬರೆದು ಕಳಿಸಿದ ಮೇಲೆ ಬುಧವಾರದ ಜಗಲಿ ಖಾಲಿಯಾಯಿತು.

ತಾಯಿಗೆ ನಾನು ಕೊಟ್ಟ ಸಲಹೆಯಲ್ಲಿ ಅವರಿಗೆ ಕಷ್ಟವಾದದ್ದು ಮಗನ ಹತ್ತಿರ ದುಡ್ಡಿನ ಮಾತಾಡುವುದು. ಮುಚ್ಚಿಟ್ಟರೆ ಮಗು ತನ್ನಷ್ಟಕ್ಕೆ ಏನೇನೋ ಊಹಿಸಿಕೊಂಡು ಹೆದರುತ್ತದೆ. "ಇಷ್ಟು ಸಾಲ ಇದೆ, ಇದನ್ನ ನಾನು ತೀರಿಸ್ತೀನಿ, ಹಿಂಗೆ ತೀರಿಸ್ತೀನಿ" ಅಂತ ಅವನನ್ನು ಕೂರಿಸಿಕೊಂಡು ಹೇಳಿ ಅಂದೆ. ಅವನ ವಯಸ್ಸಿಗೆ ತಕ್ಕ ಒಂದು ಕೆಲಸ ಅವನಿಗೇ ಬಿಡಿ ಅಂದೆ, ಯಾಕಂದರೆ ಎಲ್ಲ ಕಿತ್ತುಕೊಂಡರೆ ಅವನಿಗೆ ಅವಮಾನ ಆಗುತ್ತದೆ. ಈಗ ಸಂಜೆ ಡೇರಿಗೆ ಹಾಲು ಹಾಕುವುದು ಅವನ ಜವಾಬ್ದಾರಿ. ಹಾಲು ಹಾಕಿ ಹಾಗೇ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೆ ಹೋಗುತ್ತಾನೆ. ತಂಗಿಯನ್ನು ಹೊಡೆಯುವುದು ನಿಂತಿದೆ, ಜಗಳ ಇದೆ. ಅಣ್ಣ ತಂಗಿ ಜಗಳ ಆಡಲಿ ಬಿಡಿ.

ಚಿಕ್ಕಪ್ಪ ಮಾತ್ರ ಹುಡುಗನನ್ನು ಹಾಸ್ಟೆಲಿಗೆ ಸೇರಿಸಿ ಅಂತ ಒತ್ತಾಯ ಮಾಡುತ್ತಿದ್ದಾರೆ. ಹಿಂದುಳಿದ ವರ್ಗಗಳ ಇಲಾಖೆಯ, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲುಗಳಲ್ಲಿ ಓದಿ ಮುಂದೆ ಬಂದ ಮಕ್ಕಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆದರೆ ಈ ಹುಡುಗ ಈಗಷ್ಟೇ ಅಮ್ಮ ಸುರಕ್ಷಿತವಾಗಿದ್ದಾಳೆ ಅಂತ ನಂಬಲು ಶುರು ಮಾಡಿದ್ದಾನೆ. ಈ ಹೊತ್ತಲ್ಲಿ ದೂರ ಕಳಿಸುವುದು ಬೇಡ, ಎಸ್ಸೆಸ್ಸೆಲ್ಸಿ ಆದ ಮೇಲೆ ಅವನನ್ನೇ ಕೇಳಿ ತೀರ್ಮಾನ ಮಾಡಿ ಅಂತ ಹೇಳಿದ್ದೇನೆ.

ಪ್ರಾಯೋಜಕತ್ವದ ಹಣ ಬರಲು ತಿಂಗಳುಗಳೇ ಹಿಡಿದವು, ಆದರೆ ಬಂತು. ತಂಗಿಯ ಅರ್ಜಿಯೂ ಹೋಗಿದೆ. ಕಿರಣ ಈಗ ಒಂಬತ್ತನೇ ಕ್ಲಾಸು. ಮುಂದಿನ ತಿಂಗಳು ಅಪ್ಪನ ಎರಡನೇ ವರ್ಷದ ತಿಥಿ ಇದೆ, ನೆಂಟರೆಲ್ಲ ಮತ್ತೆ ಸೇರುತ್ತಾರೆ. ಮನೆಗೆ ಗಂಡಸು ಅನ್ನುವ ಮಾತು ಯಾರ ಬಾಯಲ್ಲೂ ಬಾರದಂತೆ ಚಿಕ್ಕಪ್ಪನಿಗೆ ಮೊದಲೇ ಹೇಳಿಡಿ, ಹುಡುಗ ಅತ್ತರೆ ಯಾರೂ ತಡೆಯಬೇಡಿ ಅಂತ ತಾಯಿಗೆ ತಿಳಿಸಿದ್ದೇನೆ. ತಿಥಿ ಮುಗಿದ ವಾರವೇ ಇಬ್ಬರೂ ಬಂದು ನನ್ನನ್ನು ಕಾಣಬೇಕು.