ಗೆದ್ದವರಿಗೆ ಶಿಕ್ಷೆಯೇ? – ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

ಇಂಟರ್ನೆಟ್ ಹುಡುಕಾಟದಲ್ಲಿನ ಏಕಸ್ವಾಮ್ಯದ ಬಗ್ಗೆ ಗೂಗಲ್ ವಿರುದ್ಧ ಅಮೆರಿಕದ ನ್ಯಾಯಾಲಯ ನೀಡಿದ ತೀರ್ಪನ್ನೂ ದೊಡ್ಡ ಡಿಜಿಟಲ್ ಕಂಪನಿಗಳನ್ನು ಮೊದಲೇ ಗುರುತಿಸಿ ನಿಯಂತ್ರಿಸಲು ಹೊರಟ ನಮ್ಮ ದೇಶದ ಡಿಜಿಟಲ್ ಸ್ಪರ್ಧಾ ಮಸೂದೆಯ ಕರಡನ್ನೂ ಸ್ವಾಗತಿಸಿ ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಲೇಖನಕ್ಕೆ ಪ್ರತಿಕ್ರಿಯೆಯಾಗಿ ನೀವು ಬರೆದ ಪತ್ರ ತಲುಪಿದೆ. ಯಾರನ್ನೂ ಬಲವಂತಪಡಿಸದೆ, ಒಳ್ಳೆಯ ಸೇವೆಯನ್ನು ಕಡಿಮೆ ಬೆಲೆಗೆ, ಹಲವು ವೇಳೆ ಪುಕ್ಕಟೆಯಾಗಿಯೇ ಕೊಟ್ಟು ಬೆಳೆದ ಕಂಪನಿಗಳನ್ನು ಏಕಸ್ವಾಮ್ಯದ ಹೆಸರಿನಲ್ಲಿ ದಂಡಿಸುವುದೆಂದರೆ ಗೆಲುವಿಗೆ ಶಿಕ್ಷೆ ವಿಧಿಸಿದಂತೆ ಎಂಬುದು ನಿಮ್ಮ ಮುಖ್ಯ ವಾದ. ಕಂಪ್ಯೂಟರ್ ಲೋಕದ ದೈತ್ಯರಾಗಿದ್ದ ಐಬಿಎಂ ಮತ್ತು ಮೈಕ್ರೋಸಾಫ್ಟ್‌ಗಳ ಪ್ರಾಬಲ್ಯವನ್ನು ಕುಗ್ಗಿಸಿದ್ದು ಹೊಸ ತಂತ್ರಜ್ಞಾನವೇ ಹೊರತು ನ್ಯಾಯಾಲಯವಲ್ಲ ಎಂದಿದ್ದೀರಿ. ಕೃತಕ ಬುದ್ಧಿಮತ್ತೆ ನಾಳೆ ಗೂಗಲ್ಲಿಗೂ ಅದೇ ಗತಿಯನ್ನು ತಂದರೆ ಈ ತೀರ್ಪಿಗೆ ಏನು ಅರ್ಥ ಉಳಿಯುತ್ತದೆ ಎಂದು ಕೊನೆಯಲ್ಲಿ ಕೇಳಿದ್ದೀರಿ. ದೊಡ್ಡ ಕಂಪನಿಗಳ ಪರವಾದ ವಕಾಲತ್ತು ಎಂದು ಈ ವಾದವನ್ನು ತಳ್ಳಿಹಾಕುವವರೇ ಹೆಚ್ಚು. ಅದರಲ್ಲಿ ನಿಜವಾದ ತಿರುಳಿದೆ ಎಂದು ನಾನು ನಂಬಿರುವುದರಿಂದಲೇ ಇಷ್ಟು ದೀರ್ಘವಾಗಿ ಉತ್ತರಿಸುತ್ತಿದ್ದೇನೆ.

ಐಬಿಎಂ ಪ್ರಕರಣ ನಿಮ್ಮ ಕೈಯಲ್ಲಿರುವ ಅತ್ಯಂತ ಬಲವಾದ ಸಾಕ್ಷ್ಯ. 1969ರ ಜನವರಿಯಲ್ಲಿ, ಅಧ್ಯಕ್ಷ ಜಾನ್ಸನ್ ಅಧಿಕಾರದಿಂದ ಇಳಿಯುವ ಕೊನೆಯ ದಿನಗಳಲ್ಲಿ, ಅಮೆರಿಕದ ಏಕಸ್ವಾಮ್ಯ ವಿರೋಧಿ ಕಾನೂನಾದ ಷರ್ಮನ್ ಕಾಯ್ದೆಯಡಿ ಸರ್ಕಾರ ಹೂಡಿದ ಆ ದಾವೆ ಹದಿಮೂರು ವರ್ಷ ನಡೆಯಿತು. 1982ರ ಜನವರಿಯಲ್ಲಿ, ರೇಗನ್ ಆಡಳಿತದ ಅಧಿಕಾರಿ ವಿಲಿಯಂ ಬ್ಯಾಕ್ಸ್‌ಟರ್ ಈ ಮೊಕದ್ದಮೆಯಲ್ಲಿ ಹುರುಳಿಲ್ಲ ಎಂದು ಹೇಳಿ ಅದನ್ನು ಹಿಂತೆಗೆದುಕೊಂಡರು. ಅಷ್ಟರೊಳಗೆ, ದಾವೆ ಹೂಡಿದವರ ಕಲ್ಪನೆಯಲ್ಲೂ ಇರದಿದ್ದ ವೈಯಕ್ತಿಕ ಕಂಪ್ಯೂಟರ್ ಬಂದಾಗಿತ್ತು. ಐಬಿಎಂ 1981ರಲ್ಲಿ ತಾನೇ ಬಿಡುಗಡೆ ಮಾಡಿದ ಪಿಸಿಗೆ ಆಪರೇಟಿಂಗ್ ಸಿಸ್ಟಂ (ಯಂತ್ರವನ್ನು ನಡೆಸುವ ಮೂಲ ತಂತ್ರಾಂಶ) ಒದಗಿಸಿದ ಚಿಕ್ಕ ಕಂಪನಿ ಮೈಕ್ರೋಸಾಫ್ಟ್ ಮುಂದೆ ಐಬಿಎಂ ಅನ್ನೇ ಹಿಂದಿಕ್ಕಿತು. ನ್ಯಾಯಾಲಯದಲ್ಲಿ ವರ್ಷಗಟ್ಟಲೆ ವಾದಿಸಿದ ಮಾರುಕಟ್ಟೆಯ ಗಡಿಗಳೇ ಹೊರಗಿನ ಲೋಕದಲ್ಲಿ ಅಳಿಸಿಹೋಗಿದ್ದವು. ಇಂದಿನ ಮಾರುಕಟ್ಟೆಯ ಚಿತ್ರವನ್ನು ಹಿಡಿದು ನಾಳೆಯನ್ನು ನಿರ್ಧರಿಸಲು ಹೊರಡುವ ಯಾವುದೇ ಅಧಿಕಾರಿಗೆ ಈ ಪ್ರಕರಣ ಎಚ್ಚರಿಕೆಯಾಗಿರಬೇಕು.

ಆದರೂ ಈ ಕಥೆಯಲ್ಲಿ ನೀವು ಬಿಟ್ಟಿರುವ ಒಂದು ಸಂಗತಿಯಿದೆ. ದಾವೆ ಹೂಡಿದ ವರ್ಷವೇ, ಜೂನ್ ತಿಂಗಳಲ್ಲಿ, ಅದುವರೆಗೆ ಯಂತ್ರದ ಜೊತೆಗೇ ಸೇರಿಸಿ ಕೊಡುತ್ತಿದ್ದ ತಂತ್ರಾಂಶ ಮತ್ತು ಸೇವೆಗಳಿಗೆ ಬೇರೆಯಾಗಿ ಬೆಲೆ ಕಟ್ಟುವುದಾಗಿ ಐಬಿಎಂ ಪ್ರಕಟಿಸಿತು. ದಾವೆಯ ಭಯವೊಂದೇ ಅದಕ್ಕೆ ಕಾರಣವಾಗಿರಲಿಲ್ಲ, ಆದರೆ ಕಾರಣಗಳಲ್ಲಿ ಅದೂ ಒಂದಾಗಿತ್ತು. ತಂತ್ರಾಂಶವನ್ನೇ ಪ್ರತ್ಯೇಕ ಸರಕಾಗಿ ಮಾರಿ ಬದುಕುವ ಕಂಪನಿಗಳಿಗೆ ಅಲ್ಲಿಂದ ದಾರಿ ಅಗಲವಾಯಿತು. ಮಾರುಕಟ್ಟೆಯೇ ಐಬಿಎಂ ಅನ್ನು ಕುಗ್ಗಿಸಿತು ಎನ್ನುವಾಗ, ಆ ಮಾರುಕಟ್ಟೆ ಹಾಗೆ ರೂಪುಗೊಂಡದ್ದರಲ್ಲಿ ಕಾನೂನಿನ ಪಾತ್ರ ಶೂನ್ಯವೆಂದು ಹೇಳುವುದು ಕಷ್ಟ.

ಇನ್ನು ಮೈಕ್ರೋಸಾಫ್ಟ್. 1998ರ ಮೇ ತಿಂಗಳಲ್ಲಿ ಅಮೆರಿಕದ ನ್ಯಾಯ ಇಲಾಖೆಯೂ ಹಲವು ರಾಜ್ಯಗಳೂ ಸೇರಿ ಅದರ ವಿರುದ್ಧ ಏಕಸ್ವಾಮ್ಯದ ದಾವೆ ಹೂಡಿದಾಗ ಮುಕ್ತ ಮಾರುಕಟ್ಟೆಯ ಚಿಂತಕರು ಕಟುವಾಗಿ ಟೀಕಿಸಿದರು. ಒಂದು ಕಾಲದಲ್ಲಿ ಏಕಸ್ವಾಮ್ಯ ವಿರೋಧಿ ಕಾನೂನನ್ನು ಬೆಂಬಲಿಸಿದ್ದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್, ಅದರಿಂದ ಒಳಿತಿಗಿಂತ ಕೆಡುಕೇ ಹೆಚ್ಚು ಎಂಬ ತೀರ್ಮಾನಕ್ಕೆ ತಾನು ಬಂದಿರುವುದಾಗಿ 1999ರಲ್ಲಿ ಬರೆದರು. ಪ್ರತಿಸ್ಪರ್ಧಿಯನ್ನು ಮಣಿಸಲು ಸರ್ಕಾರವನ್ನು ಕರೆತಂದ ಸಿಲಿಕಾನ್ ಕಣಿವೆ ಮುಂದೊಂದು ದಿನ ಪಶ್ಚಾತ್ತಾಪ ಪಡಲಿದೆ ಎಂಬುದು ಅವರ ಎಚ್ಚರಿಕೆಯಾಗಿತ್ತು. ಅಂದು ಮೈಕ್ರೋಸಾಫ್ಟ್ ವಿರುದ್ಧ ದೂರಿದ ಉದ್ಯಮದ ಮುಂದಿನ ಪೀಳಿಗೆಯೇ ಇಂದು ಕಟಕಟೆಯಲ್ಲಿ ನಿಂತಿರುವುದನ್ನು ನೋಡಿದರೆ ಆ ಮಾತನ್ನು ಅಲ್ಲಗಳೆಯಲಾಗದು.

ಆದರೆ ಆ ಮೊಕದ್ದಮೆ ನಿಜವಾಗಿ ಏನನ್ನು ತೀರ್ಮಾನಿಸಿತು ಎಂಬುದನ್ನು ಸೂಕ್ಷ್ಮವಾಗಿ ನೋಡಬೇಕು. ನೆಟ್‌ಸ್ಕೇಪ್ ಕಂಪನಿಯ ನ್ಯಾವಿಗೇಟರ್ ಬ್ರೌಸರ್‌ಗೆ ಎದುರಾಗಿ ಮೈಕ್ರೋಸಾಫ್ಟ್ ತನ್ನ ಇಂಟರ್ನೆಟ್ ಎಕ್ಸ್‌ಪ್ಲೋರರನ್ನು ಪುಕ್ಕಟೆಯಾಗಿ ಕೊಟ್ಟಿತು. ಪುಕ್ಕಟೆ ಕೊಡುವುದು ಗ್ರಾಹಕನಿಗೆ ಹೇಗೆ ಕೆಡುಕಾದೀತು ಎಂದು ನೀವು ಕೇಳಿದ್ದೀರಿ. 2001ರ ಜೂನ್‌ನಲ್ಲಿ ತೀರ್ಪಿತ್ತ ಮೇಲ್ಮನವಿ ನ್ಯಾಯಾಲಯವೂ ಈ ವಿಷಯದಲ್ಲಿ ನಿಮ್ಮ ಪಕ್ಷದಲ್ಲೇ ನಿಂತಿತು: ಬ್ರೌಸರನ್ನು ಪುಕ್ಕಟೆ ಕೊಟ್ಟದ್ದು ಅಕ್ರಮವಲ್ಲ ಎಂದಿತು. ಕಂಪನಿಯನ್ನು ಎರಡಾಗಿ ಒಡೆಯಬೇಕೆಂಬ ಕೆಳಗಿನ ನ್ಯಾಯಾಲಯದ ಆದೇಶವನ್ನು ರದ್ದುಮಾಡಿತು. ಪ್ರಕರಣದ ಬಗ್ಗೆ ಪತ್ರಕರ್ತರೊಡನೆ ಮಾತನಾಡಿದ್ದಕ್ಕಾಗಿ ಆ ಆದೇಶ ಕೊಟ್ಟಿದ್ದ ನ್ಯಾಯಾಧೀಶ ಜಾಕ್ಸನ್ ಅವರನ್ನು ಮುಂದಿನ ವಿಚಾರಣೆಯಿಂದಲೇ ಹೊರಗಿಟ್ಟಿತು.

ಅದೇ ನ್ಯಾಯಾಲಯ, ಅದೇ ತೀರ್ಪಿನಲ್ಲಿ, ಏಳು ನ್ಯಾಯಾಧೀಶರ ಒಮ್ಮತದಿಂದ, ಮೈಕ್ರೋಸಾಫ್ಟ್ ತನ್ನ ಆಪರೇಟಿಂಗ್ ಸಿಸ್ಟಂ ವಿಂಡೋಸ್‌ನ ಏಕಸ್ವಾಮ್ಯವನ್ನು ಅಕ್ರಮವಾಗಿ ಕಾಪಾಡಿಕೊಂಡಿದೆ ಎಂದೂ ಹೇಳಿತು. ಆ ಏಳು ಮಂದಿಯಲ್ಲಿ ಹೆಚ್ಚಿನವರು ಸಂಪ್ರದಾಯವಾದಿ ಅಧ್ಯಕ್ಷರಿಂದ ನೇಮಕಗೊಂಡವರು; ರೇಗನ್ ಕಾಲದಲ್ಲಿ ನ್ಯಾಯ ಇಲಾಖೆಯ ಏಕಸ್ವಾಮ್ಯ ವಿರೋಧಿ ವಿಭಾಗವನ್ನು ನಡೆಸಿದ್ದ ಡಗ್ಲಸ್ ಗಿನ್ಸ್‌ಬರ್ಗ್ ಅವರೂ ಅಲ್ಲಿದ್ದರು. ಅವರಿಗೆ ತಪ್ಪಾಗಿ ಕಂಡದ್ದು ಕಂಪನಿಯ ಗಾತ್ರವಲ್ಲ, ಬೆಲೆಯೂ ಅಲ್ಲ, ಕರಾರುಗಳು. ಕಂಪ್ಯೂಟರ್ ತಯಾರಕರು ತಾವು ಮಾರುವ ಯಂತ್ರದ ಪರದೆಯಿಂದ ಎಕ್ಸ್‌ಪ್ಲೋರರ್ ಗುರುತನ್ನು ತೆಗೆಯುವಂತಿರಲಿಲ್ಲ. 1996ರಲ್ಲಿ ಕಾಂಪ್ಯಾಕ್ ಕಂಪನಿ ಅದನ್ನು ತೆಗೆದು ನೆಟ್‌ಸ್ಕೇಪ್ ಗುರುತನ್ನು ಇಟ್ಟಾಗ, ವಿಂಡೋಸ್ ಪರವಾನಗಿಯನ್ನೇ ರದ್ದುಮಾಡುವುದಾಗಿ ಮೈಕ್ರೋಸಾಫ್ಟ್ ಪತ್ರ ಬರೆಯಿತು; ಕಾಂಪ್ಯಾಕ್ ಮಣಿಯಿತು. ಮ್ಯಾಕ್ ಯಂತ್ರಗಳಿಗೆ ಆಫೀಸ್ ತಂತ್ರಾಂಶವನ್ನು ನಿಲ್ಲಿಸುವ ಬೆದರಿಕೆಯ ನೆರಳಿನಲ್ಲಿ ಆಪಲ್ 1997ರಲ್ಲಿ ಎಕ್ಸ್‌ಪ್ಲೋರರನ್ನು ತನ್ನ ಮೊದಲ ಆಯ್ಕೆಯ ಬ್ರೌಸರ್ ಆಗಿ ಒಪ್ಪಿಕೊಂಡಿತು. ಸಂತೆಯಲ್ಲಿ ಪಕ್ಕದವನಿಗಿಂತ ಅಗ್ಗವಾಗಿ ಮಾರಿ ಗಿರಾಕಿಗಳನ್ನು ಸೆಳೆಯುವುದನ್ನು ಯಾರೂ ಆಕ್ಷೇಪಿಸುವುದಿಲ್ಲ. ಪಕ್ಕದವನ ಗಾಡಿ ಸಂತೆಯೊಳಗೆ ಬರದಂತೆ ದಾರಿಯಲ್ಲೇ ತಡೆಯುವುದು ಬೇರೆಯೇ ಸಂಗತಿ, ಮತ್ತು ಮುಕ್ತ ಮಾರುಕಟ್ಟೆಯಲ್ಲಿ ನಂಬಿಕೆಯುಳ್ಳವರೇ ಅದನ್ನು ಮೊದಲು ಆಕ್ಷೇಪಿಸಬೇಕು.

ಹಾಗೆ ಆಕ್ಷೇಪಿಸಿದವರೂ ಇದ್ದಾರೆ. ನಿಮ್ಮ ಪತ್ರದಲ್ಲಿ ಗೌರವದಿಂದ ಹೆಸರಿಸಿರುವ ಅಮೆರಿಕದ ಕಾನೂನು ಪಂಡಿತ ರಾಬರ್ಟ್ ಬೋರ್ಕ್, ಈ ಕಾನೂನಿನ ಅತಿರೇಕಗಳನ್ನು 1978ರಲ್ಲಿ ಯಾರಿಗಿಂತಲೂ ಹರಿತವಾಗಿ ವಿಮರ್ಶಿಸಿ, ಗ್ರಾಹಕನ ಹಿತವೊಂದೇ ಅಳತೆಗೋಲಾಗಬೇಕೆಂದು ವಾದಿಸಿದವರು. ಅವರೇ ಇಪ್ಪತ್ತು ವರ್ಷಗಳ ಬಳಿಕ ನೆಟ್‌ಸ್ಕೇಪ್ ಪರವಾಗಿ ನಿಂತು, ಮೈಕ್ರೋಸಾಫ್ಟ್ ಮೇಲಿನ ದಾವೆಯನ್ನು ಸಮರ್ಥಿಸಿದರು. ನೆಟ್‌ಸ್ಕೇಪ್ ಅವರಿಗೆ ಶುಲ್ಕ ಕೊಟ್ಟಿತ್ತು ಎಂದು ನೀವು ಹೇಳಬಹುದು; ಕೊಟ್ಟಿತ್ತು ನಿಜ. ಆದರೂ ಪ್ರತಿಸ್ಪರ್ಧಿಯನ್ನು ಹೊರಗಿಡುವುದರ ಹೊರತು ಬೇರೆ ವ್ಯಾವಹಾರಿಕ ಉದ್ದೇಶವಿಲ್ಲದ ಕರಾರು ದಕ್ಷತೆಯ ಲಕ್ಷಣವಲ್ಲ ಎಂಬ ಅವರ ತರ್ಕ ಅವರ ಹಳೆಯ ನಿಲುವಿಗೆ ವಿರುದ್ಧವಾಗಿರಲಿಲ್ಲ.

ಗೂಗಲ್ ತೀರ್ಪನ್ನು ನಾನು ಈ ಸಾಲಿನಲ್ಲಿಟ್ಟೇ ಓದುತ್ತೇನೆ. ನ್ಯಾಯಾಧೀಶ ಅಮಿತ್ ಮೆಹ್ತಾ 2024ರ ಆಗಸ್ಟ್‌ನಲ್ಲಿ ಕೊಟ್ಟ ತೀರ್ಪು ಗೂಗಲ್ಲಿನ ಹುಡುಕಾಟ ಕಳಪೆ ಎಂದು ಹೇಳಲಿಲ್ಲ. ಅದರ ಗುಣಮಟ್ಟವನ್ನು ಒಪ್ಪಿಕೊಂಡಿತು. ಆಕ್ಷೇಪ ಇದ್ದದ್ದು ಫೋನ್ ಮತ್ತು ಬ್ರೌಸರ್‌ಗಳಲ್ಲಿ ತಾನೇ ಮೊದಲ ಆಯ್ಕೆಯಾಗಿರಲು 2021ರ ಒಂದೇ ವರ್ಷದಲ್ಲಿ ಗೂಗಲ್ ಪಾವತಿಸಿದ 2,600 ಕೋಟಿ ಡಾಲರ್‌ಗೂ ಮೀರಿದ ಮೊತ್ತದ ಬಗ್ಗೆ, ಅದರ ಹಿಂದಿನ ಕರಾರುಗಳ ಬಗ್ಗೆ. ಜನ ಮನಸಾರೆ ಆರಿಸಿಕೊಳ್ಳುವ ಸರಕಾಗಿದ್ದರೆ ಅಷ್ಟು ಹಣವೇಕೆ ಎಂಬ ಪ್ರಶ್ನೆಗೆ ನಿಮ್ಮ ಪತ್ರದಲ್ಲಿ ಉತ್ತರವಿಲ್ಲ.

ಮಸೂದೆಯ ವಿಷಯಕ್ಕೆ ಬಂದರೆ, ನಮ್ಮ ಲೇಖಕರಿಗಿಂತ ನಾನು ನಿಮಗೆ ಹತ್ತಿರದಲ್ಲಿದ್ದೇನೆ. 2024ರ ಮಾರ್ಚ್‌ನಲ್ಲಿ ಪ್ರಕಟವಾದ ಕರಡು, ವಹಿವಾಟಿನ ಗಾತ್ರ ಮತ್ತು ಬಳಕೆದಾರರ ಸಂಖ್ಯೆಯನ್ನು ನೋಡಿ, ಎಂದರೆ ಒಂದು ಕೋಟಿ ಬಳಕೆದಾರರು ಅಥವಾ ಹತ್ತು ಸಾವಿರ ವ್ಯಾಪಾರಿ ಬಳಕೆದಾರರು ಎಂಬಂಥ ಮಿತಿಗಳನ್ನಿಟ್ಟು, ಕಂಪನಿಗಳನ್ನು ಮೊದಲೇ ಗುರುತಿಸಿ ಕಟ್ಟಳೆಗೆ ಒಳಪಡಿಸುತ್ತದೆ. ಇಂಥ ಕರಾರಿನಿಂದ ಇಂಥ ಹಾನಿಯಾಯಿತು ಎಂದು ಸಾಬೀತುಪಡಿಸುವ ಹೊರೆ ಅಲ್ಲಿ ಬಹುಪಾಲು ಮಾಯವಾಗುತ್ತದೆ. ಐಬಿಎಂ ಪ್ರಕರಣ ಕಲಿಸಿದ ಪಾಠಕ್ಕೆ ಇದು ನೇರವಾಗಿ ವಿರುದ್ಧ. ನೂರ ನಲವತ್ತು ಕೋಟಿ ಜನರ ದೇಶದಲ್ಲಿ ಒಂದು ಕೋಟಿ ಬಳಕೆದಾರರು ಎಂಬುದು, ಹಣಕಾಸಿನ ಮಿತಿಗಳು ಜೊತೆಗಿದ್ದರೂ, ತೀರ ತಗ್ಗಿನ ಗೆರೆ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆಯುತ್ತಿರುವ ಕಂಪನಿಯೊಂದು ಆ ಗೆರೆಗಳ ಹತ್ತಿರ ಬಂದಾಗ ಮುಂದೆ ಬೆಳೆಯಲು ಹಿಂಜರಿದರೆ ನಷ್ಟ ನಮ್ಮದೇ.

ಈಗಿರುವ 2002ರ ಸ್ಪರ್ಧಾ ಕಾಯ್ದೆಯೇ ಸಾಕು ಎನ್ನುವವರಿಗೂ ಆಧಾರವಿದೆ. ಗೂಗಲ್ಲಿನ ಫೋನ್ ತಂತ್ರಾಂಶವಾದ ಆಂಡ್ರಾಯ್ಡ್‌ಗೆ ಸಂಬಂಧಿಸಿದ ಪ್ರಕರಣದಲ್ಲಿ ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಗೂಗಲ್ಲಿಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು. 2023ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿದು, ಆಯೋಗದ ನಾಲ್ಕು ನಿರ್ದೇಶನಗಳನ್ನು ರದ್ದುಮಾಡಿತು. ಸ್ಪರ್ಧೆಯ ಮೇಲೆ ಆದ ನಿಜವಾದ ಪರಿಣಾಮವನ್ನು ಪರಿಶೀಲಿಸಲೇಬೇಕು ಎಂಬ ತತ್ವವನ್ನೂ ಸ್ಪಷ್ಟಪಡಿಸಿತು. ಮಸೂದೆಯ ಬೆಂಬಲಿಗರು ವಿಳಂಬವನ್ನು ತೋರಿಸುತ್ತಾರೆ. ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್ ವಿರುದ್ಧ ಆಯೋಗ 2020ರ ಜನವರಿಯಲ್ಲಿ ಆದೇಶಿಸಿದ ತನಿಖೆಗೆ ಮರು ತಿಂಗಳೇ ನಮ್ಮ ಹೈಕೋರ್ಟಿನಲ್ಲಿ ತಡೆ ಸಿಕ್ಕಿ, ಆ ಅಡ್ಡಿ ನಿವಾರಣೆಯಾಗಲು ಒಂದೂವರೆ ವರ್ಷ ಹಿಡಿಯಿತು. ವಿಳಂಬ ನಿಜವಾದ ರೋಗ. ಆಯೋಗಕ್ಕೆ ಸಾಕಷ್ಟು ತಜ್ಞರನ್ನು ಒದಗಿಸಿ, ವಿಚಾರಣೆಗೆ ಕಾಲಮಿತಿ ಹಾಕುವುದು ಅದಕ್ಕೆ ಮದ್ದು. ಪುರಾವೆಯ ಅಗತ್ಯವನ್ನೇ ತೆಗೆದುಹಾಕುವುದನ್ನು ನಾನು ಒಪ್ಪಲಾರೆ.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ 2025ರ ಸೆಪ್ಟೆಂಬರ್‌ನಲ್ಲಿ ಮೆಹ್ತಾ ಅವರು ಹೊರಡಿಸಿದ ಎರಡನೆಯ ಆದೇಶದಲ್ಲಿದೆ. ಕೃತಕ ಬುದ್ಧಿಮತ್ತೆಯ ಆಗಮನ ಪ್ರಕರಣದ ದಿಕ್ಕನ್ನೇ ಬದಲಿಸಿದೆ ಎಂದು ಅವರು ಒಪ್ಪಿಕೊಂಡರು, ಕ್ರೋಮ್ ಬ್ರೌಸರನ್ನು ಮಾರಿಸಬೇಕೆಂಬ ಸರ್ಕಾರದ ಬೇಡಿಕೆಯನ್ನು ತಿರಸ್ಕರಿಸಿದರು, ಹಣ ಪಾವತಿಯನ್ನೂ ಪೂರ್ತಿಯಾಗಿ ನಿಷೇಧಿಸಲಿಲ್ಲ. ಇಷ್ಟರಮಟ್ಟಿಗೆ ನಿಮ್ಮ ವಾದಕ್ಕೆ ಮನ್ನಣೆ ಸಿಕ್ಕಿದೆ. ಆದರೆ ಬೇರೆಯವರನ್ನು ಹೊರಗಿಡುವ ಕರಾರುಗಳನ್ನು ನಿಷೇಧಿಸುವಾಗ, ಹುಡುಕಾಟದ ಜೊತೆಗೆ ಗೂಗಲ್ಲಿನದೇ ಕೃತಕ ಬುದ್ಧಿಮತ್ತೆಯ ಸೇವೆಯಾದ ಜೆಮಿನಿಯನ್ನೂ ಆ ನಿಷೇಧದ ವ್ಯಾಪ್ತಿಗೆ ತಂದರು. ಗೂಗಲ್ಲನ್ನು ಹಿಂದಿಕ್ಕಬಲ್ಲ ಹೊಸಬರು ನೀವು ಹೇಳುವಂತೆ ಮಾರುಕಟ್ಟೆಯಿಂದಲೇ ಬರುತ್ತಾರೆ. ಅವರ ಸೇವೆಯನ್ನು ತನ್ನ ಫೋನಿನಲ್ಲಿ ಅಳವಡಿಸಬೇಕೇ ಬೇಡವೇ ಎಂಬುದನ್ನು ಗೂಗಲ್ ಕರಾರಿನ ಕಟ್ಟಿಲ್ಲದೆ ತಾನೇ ನಿರ್ಧರಿಸುವ ಸ್ವಾತಂತ್ರ್ಯ ಫೋನ್ ತಯಾರಕನಿಗೆ ಸಿಕ್ಕಿದ್ದು ಈ ಆದೇಶದಿಂದ.

– ಸಂಪಾದಕ