ಸುಟ್ಟ ಕಾಡಿನ ಚಿತ್ರಕ್ಕೆ ಬರೀ ಕಪ್ಪು ಸಾಕಾ?

ಕಾಡ್ಗಿಚ್ಚು ಆರಿದ ಮೇಲಿನ ಕಾಡನ್ನು ಬಿಡಿಸುತ್ತಿದ್ದೇನೆ, ಎಷ್ಟು ಕಪ್ಪು ಹಚ್ಚಿದರೂ ಮಸಿ ಮೆತ್ತಿದ ಹಾಗಿದೆ, ಕಾಡು ಕಾಣುತ್ತಿಲ್ಲ ಅಂತ ಕೇಳಿದ್ದೀರಿ. ಕಪ್ಪು ಜಾಸ್ತಿ ಆಗಿರುವುದೇ ತೊಂದರೆ. ಟ್ಯೂಬಿನ ಕಪ್ಪನ್ನು ಮೊದಲು ಪಕ್ಕಕ್ಕಿಡಿ.

2019ರ ಫೆಬ್ರವರಿಯಲ್ಲಿ ಬಂಡೀಪುರಕ್ಕೆ ಬೆಂಕಿ ಬಿತ್ತಲ್ಲ, ವಾಯುಪಡೆಯ ಹೆಲಿಕಾಪ್ಟರ್ ಬಂದು ನೀರು ಸುರಿದ ವರ್ಷ, ಅದಾಗಿ ಕೆಲವು ವಾರಕ್ಕೆ ನಾನು ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿದ್ದೆ. ಕೆಳಗಿನಿಂದ ಸರ್ಕಾರಿ ಬಸ್ಸಲ್ಲೇ ಹತ್ತಬೇಕು. ಕಿಟಕಿ ಪಕ್ಕ ಕೂತು ಕಂಡಷ್ಟನ್ನು ಪೆನ್ಸಿಲ್ಲಲ್ಲಿ ಗೀಚಿಕೊಂಡೆ. ತುಂಬಾ ಸಂಕಟವಾಯಿತು. ಆದರೆ ನಾನು ಅಂದುಕೊಂಡು ಹೋಗಿದ್ದ ಕಪ್ಪು ಅಲ್ಲಿರಲಿಲ್ಲ. ಬೂದಿ ಹಾರಿಹೋದ ಕಡೆ ಕೆಂಪು ಮಣ್ಣು, ಪೊದೆ ಉರಿದು ಬಯಲಾದ ಹುತ್ತಗಳು, ಉರಿಯದೆ ಬರೀ ಶಾಖಕ್ಕೆ ಬಾಡಿ ಮರದಲ್ಲೇ ನೇತಾಡುತ್ತಿದ್ದ ಕಂದು ಎಲೆ. ಒಣಗಿ ಬಿದ್ದಿದ್ದ ಒಂದು ಮರವಂತೂ ಪೂರ್ತಿ ಉರಿದು, ಅದರ ಆಕಾರದಲ್ಲೇ ಉದ್ದಕ್ಕೆ ಬಿಳಿ ಬೂದಿ ಬಿದ್ದಿತ್ತು, ಕೊಂಬೆ ಎಲ್ಲಿ ಕವಲೊಡೆದಿತ್ತು ಅನ್ನುವುದೂ ಗೊತ್ತಾಗುತ್ತಿತ್ತು. ಜಲವರ್ಣವಾದರೆ ಅಂಥ ಜಾಗದಲ್ಲಿ ಕಾಗದವನ್ನು ಸುಮ್ನೆ ಖಾಲಿ ಬಿಡಿ.

ಕಪ್ಪು ಬೇಕಾದ ಕಡೆ ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಅಂಬರ್ ಅನ್ನುವ ಕಡುಗಂದು ಬಣ್ಣ ಕಲಸಿ. ನೀಲಿ ಹೆಚ್ಚಿದ್ದರೆ ಹೊಗೆಯ ಬೂದು, ಅಂಬರ್ ಹೆಚ್ಚಿದ್ದರೆ ಇದ್ದಿಲಿನ ಕಂದು, ಎರಡೂ ಒಂದೇ ಬಟ್ಟಲಲ್ಲಿ ಸಿಗುತ್ತವೆ.

ಇನ್ನೊಂದು ವಿಷಯ, ಇದನ್ನು ತುಂಬಾ ಜನ ತಪ್ಪು ಮಾಡುತ್ತಾರೆ. ಮರದ ಕಾಂಡ ಸುತ್ತಲೂ ಒಂದೇ ಎತ್ತರಕ್ಕೆ ಕಪ್ಪಾಗಿರುವುದಿಲ್ಲ. ಇಳಿಜಾರಲ್ಲಿ ಬೆಂಕಿ ಸಾಮಾನ್ಯವಾಗಿ ಕೆಳಗಿಂದ ಮೇಲಕ್ಕೆ ಓಡುತ್ತದೆ, ಮರ ದಾಟುವಾಗ ಜ್ವಾಲೆ ಅದರ ಬೆನ್ನಿಗೆ, ಅಂದರೆ ಬೆಟ್ಟದ ಮೇಲ್ಗಡೆಯ ಬದಿಗೆ, ಸುತ್ತಿಕೊಂಡು ಏರುತ್ತದೆ. ಆ ಬದಿಯಲ್ಲಿ ಮಸಿ ಎತ್ತರಕ್ಕಿರುತ್ತದೆ, ಬೆಂಕಿ ಬಂದ ಕೆಳಗಿನ ಬದಿಯಲ್ಲಿ ತಗ್ಗು. ಇಷ್ಟು ಸರಿಮಾಡಿದರೆ ಬೆಂಕಿ ಯಾವ ಕಡೆಯಿಂದ ಬಂತು ಅಂತ ನೋಡುವವರಿಗೆ ತಾನಾಗೇ ತಿಳಿಯುತ್ತದೆ.

ಕಾಡಿಗೆ ಬೆಂಕಿ ಬೀಳುವ ಹೊತ್ತು ಮುತ್ತುಗ ಕೆಂಡದ ಬಣ್ಣದ ಹೂ ಬಿಡುವ ಕಾಲ. ಬೇಕಿದ್ದರೆ ಒಂದು ಮರ ಇಡಿ, ಒಂದೇ. ಎರಡಿಟ್ಟರೆ ಮತ್ತೆ ಬೆಂಕಿ ಹತ್ತಿದಂತೆ ಕಾಣುತ್ತದೆ.

ಮಳೆಯಾದ ಮೇಲಿನ ಕಾಡಾದರೆ ಹಸಿರನ್ನು ಹಾಸಿಗೆಯ ಹಾಗೆ ಹಾಸಬೇಡಿ. ಹುಲ್ಲಿನ ಬುಡ ಕಪ್ಪು ಮೋಟು, ಅದರ ನಡುವಿಂದ ತೆಳ್ಳಗೆ ಚಿಗುರು, ಹಾಗೆ ಬಿಡಿಸಿ. ಮತ್ತೆ, ಚಿಗುರುವುದು ಹುಲ್ಲೊಂದೇ ಅಲ್ಲ. ಲಂಟಾನ ಅನ್ನುವ ಕಳೆಪೊದೆಯೂ ಬುಡದಿಂದ ಚಿಗುರುತ್ತದೆ. ನನ್ನ ಚಿತ್ರದ ಎಡಮೂಲೆಯಲ್ಲಿ ಅದನ್ನೂ ಹಾಕಿದ್ದೇನೆ, ಬೇಸಿಗೆಯಲ್ಲಿ ಒಣಗಿ ನಿಂತು ಬೆಂಕಿಗೆ ಸೌದೆಯಾಗುವುದು ಅದೇ ಅಲ್ವಾ.